ಮೆಟಲ್ ಕೇಳೋಕೆ ಐಇಎಂ: ಮೊದಲು ವಾಲ್ಯೂಮ್ ಇಳಿಸಿ ನೋಡಿ

"2000 ರೂಪಾಯಿ ಒಳಗೆ ಮೆಟಲ್ ಕೇಳೋಕೆ ಒಳ್ಳೆ ಇಯರ್‌ಫೋನ್ ಯಾವುದು?" ಹಾಸ್ಟೆಲ್ಲಿನಲ್ಲಿ ಈ ಪ್ರಶ್ನೆ ಎದ್ದರೆ ಉತ್ತರ ಕೊಡೋರು ಹತ್ತು ಜನ, ಹೇಳೋ ಮಾಡೆಲ್ ಹದಿನೈದು. ಕಾರಣ ಕೇಳಿದ್ರೆ ಮಾತ್ರ ಎಲ್ಲರದ್ದೂ ಒಂದೇ: "ಬೇಸ್ ಸಕತ್ತಾಗಿದೆ ಮಗಾ!"

ಬೇಸ್ ಬೇಕು, ನಿಜ. ಆದ್ರೆ ಮೆಟಲ್‌ಗೆ ಬೇಸ್ ಒಂದೇ ಸಾಕಾಗಲ್ಲ. ಎಷ್ಟೋ ಸಲ ಅದೇ ಹಾಡನ್ನ ಕೆಡಿಸತ್ತೆ. ಈ ಲೇಖನದಲ್ಲಿ ನಾವು ಒಂದು ಹೆಸರು ಹೇಳಿ ಕೈ ತೊಳೆದುಕೊಳ್ಳಲ್ಲ. ಮಾಡೆಲ್‌ಗಳು ವರ್ಷಕ್ಕೊಂದು ಬದಲಾಗ್ತವೆ, ಕಿವಿ ಮತ್ತು ಫಿಸಿಕ್ಸ್ ಬದಲಾಗಲ್ಲ. ಅದಕ್ಕೇ ಆರಿಸೋ ವಿಧಾನವನ್ನ ಹೇಳ್ತೀವಿ. ಅದರ ಸಾರ ಇಷ್ಟು: ಯಾವ ಐಇಎಂನಲ್ಲಿ ಕಡಿಮೆ ವಾಲ್ಯೂಮ್ ಇಟ್ಟಾಗಲೂ ಕಿಕ್ ಡ್ರಮ್, ಬೇಸ್ ಗಿಟಾರ್, ಎಡ-ಬಲದ ಗಿಟಾರ್‌ಗಳು, ಕಂಠ, ಸಿಂಬಲ್ ಇವನ್ನ ಬೇರೆ ಬೇರೆಯಾಗಿ ಹಿಂಬಾಲಿಸೋಕೆ ಆಗತ್ತೋ ಅದು ಮೆಟಲ್‌ಗೆ ಒಳ್ಳೆಯದು. ಯಾಕೆ ಹೀಗೆ, ಪರೀಕ್ಷೆ ಮಾಡೋದು ಹೇಗೆ ಅನ್ನೋದನ್ನ ಒಂದೊಂದಾಗಿ ನೋಡೋಣ.

1. ಐಇಎಂ ಹುಟ್ಟಿದ್ದೇ ಗದ್ದಲದ ನಡುವೆ

ಐಇಎಂ ಅಂದ್ರೆ ಇನ್-ಇಯರ್ ಮಾನಿಟರ್. ಕಿವಿಯ ಹೊರಗೆ ಸುಮ್ಮನೆ ಕೂರೋ ಇಯರ್‌ಬಡ್ ಥರ ಅಲ್ಲ ಇದು. ಕಿವಿನಾಳದ ಒಳಕ್ಕೆ ಹೋಗಿ ಬಿರಡೆ ಹಾಕಿದ ಹಾಗೆ ಮುಚ್ಚಿಬಿಡತ್ತೆ. 'ಮಾನಿಟರ್' ಅನ್ನೋ ಹೆಸರು ವೇದಿಕೆಯಿಂದ ಬಂದಿದ್ದು. ಹಾಡೋರಿಗೆ, ನುಡಿಸೋರಿಗೆ ತಮ್ಮದು ತಮಗೆ ಕೇಳಬೇಕಲ್ಲ, ಅದಕ್ಕೆ ಕಾಲ ಬಳಿ ಇಡೋ ಸ್ಪೀಕರ್‌ಗೆ ಮಾನಿಟರ್ ಅಂತಾರೆ. ರಾಕ್ ವೇದಿಕೆಯಲ್ಲಿ ಡ್ರಮ್ ಜೋರು ಅಂತ ಮಾನಿಟರ್ ಜೋರು, ಮಾನಿಟರ್ ಜೋರು ಅಂತ ಗಿಟಾರ್ ಆಂಪ್ ಜೋರು. ಈ ಪೈಪೋಟಿಯಲ್ಲಿ ಹಾಳಾಗೋದು ಸಂಗೀತಗಾರರ ಕಿವಿ.

1990ರ ದಶಕದಲ್ಲಿ ಜೆರ್ರಿ ಹಾರ್ವಿ ಅನ್ನೋ ಸೌಂಡ್ ಎಂಜಿನಿಯರ್ ವ್ಯಾನ್ ಹೇಲನ್ ಬ್ಯಾಂಡಿನ ಮಾನಿಟರ್ ಕೆಲಸ ನೋಡ್ಕೋತಿದ್ದರು. ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗೆ ಅವರು ಮಾಡಿಕೊಟ್ಟ ಇನ್-ಇಯರ್‌ಗಳಿಂದಲೇ 1995ರಲ್ಲಿ ಅಲ್ಟಿಮೇಟ್ ಇಯರ್ಸ್ ಕಂಪನಿ ಶುರುವಾಯ್ತು. ಅದಕ್ಕೂ ಮೊದಲೇ, 1991ರಲ್ಲಿ, ಎಟಿಮೋಟಿಕ್ ಕಂಪನಿಯ ಇಆರ್-4 ಬಂದಿತ್ತು. ಅದರೊಳಗಿದ್ದದ್ದು ಹಿಯರಿಂಗ್ ಏಡ್‌ಗಳಲ್ಲಿ ಬಳಸೋ ಜಾತಿಯ ಪುಟ್ಟ ಡ್ರೈವರ್. ಅಂದ್ರೆ ಈ ಸಾಧನ ಬಂದಿದ್ದು ಜೋರಾಗಿ ಕೇಳಿಸೋಕೆ ಅಲ್ಲ. ಗದ್ದಲವನ್ನ ಹೊರಗಿಟ್ಟು, ಕಡಿಮೆ ಸದ್ದಿನಲ್ಲಿ ಸ್ಪಷ್ಟವಾಗಿ ಕೇಳಿಸೋಕೆ. ನಾವು ಅದನ್ನ ತದ್ವಿರುದ್ಧ ಕೆಲಸಕ್ಕೆ ಬಳಸ್ತಿದ್ದೀವಿ, ಅಷ್ಟೇ.

2. ಒಂದು ಮೆಟಲ್ ಹಾಡಿನ ಒಳಗೆ ಏನೇನಿದೆ?

ಮೆಟಲ್ ಯಾಕೆ ಇಷ್ಟು ಕೆಳದನಿಯದ್ದು? ಕಥೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಶುರು. ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಟೋನಿ ಐಯೋಮಿ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಬಲಗೈಯ ಎರಡು ಬೆರಳುಗಳ ತುದಿ ಕಳ್ಕೊಂಡರು. ಅವರು ಎಡಚರು, ಹಾಗಾಗಿ ತಂತಿ ಒತ್ತೋ ಕೈಯೇ ಅದು. ಬೆರಳಿಗೆ ತಾವೇ ಮಾಡಿದ ಟೊಪ್ಪಿಗೆ ಹಾಕ್ಕೊಂಡು ನುಡಿಸಿದರು. ಮುಂದೆ ತಂತಿಗಳನ್ನ ಸಡಿಲ ಮಾಡಿದರು, ಒತ್ತೋಕೆ ಸುಲಭ ಆಗಲಿ ಅಂತ. ತಂತಿ ಸಡಿಲ ಆದ್ರೆ ಸ್ವರ ಕೆಳಗಿಳಿಯತ್ತೆ. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್ಮಿನ ಭಾರಿ ದನಿಯ ಹಿಂದೆ ಈ ಸಡಿಲ ತಂತಿ ಇದೆ. ಆಮೇಲೆ ಬಂದವರು ಅದನ್ನ ಇನ್ನೂ ಕೆಳಕ್ಕೆ ಒಯ್ದರು.

ಈಗ ಅಂಕಿಗಳನ್ನ ನೋಡಿ:

• ಸಾಮಾನ್ಯ ಗಿಟಾರಿನ ಅತಿ ದಪ್ಪ ತಂತಿ: ಸುಮಾರು 82 ಹರ್ಟ್ಜ್
• ಐಯೋಮಿ ಸಡಿಲ ಮಾಡಿದ ತಂತಿ: ಸುಮಾರು 69 ಹರ್ಟ್ಜ್
• 7 ತಂತಿಯ ಗಿಟಾರ್: ಸುಮಾರು 62 ಹರ್ಟ್ಜ್
• 8 ತಂತಿಯ ಗಿಟಾರ್: ಸುಮಾರು 46 ಹರ್ಟ್ಜ್
• 4 ತಂತಿಯ ಬೇಸ್ ಗಿಟಾರ್: ಸುಮಾರು 41 ಹರ್ಟ್ಜ್
• 5 ತಂತಿಯ ಬೇಸ್ ಗಿಟಾರ್: ಸುಮಾರು 31 ಹರ್ಟ್ಜ್

8 ತಂತಿಯ ಗಿಟಾರ್ ಹೆಚ್ಚುಕಡಿಮೆ ಬೇಸ್ ಗಿಟಾರಿನ ಜಾಗಕ್ಕೇ ಬಂದು ಕೂತಿರೋದನ್ನ ಗಮನಿಸಿ. ಅದೇ ಜಾಗದಲ್ಲಿ, 50ರಿಂದ 80 ಹರ್ಟ್ಜ್ ಆಸುಪಾಸಿನಲ್ಲಿ, ಕಿಕ್ ಡ್ರಮ್ಮಿನ 'ಧಪ್' ಕೂಡ ಇರತ್ತೆ. ಒಂದೇ ಬೆಂಚಿನಲ್ಲಿ ಮೂವರು!

ಮೇಲಿನ ಅಂತಸ್ತಿನಲ್ಲೂ ಇದೇ ಕಥೆ. ಡಿಸ್ಟಾರ್ಷನ್ ಅಂದ್ರೆ ತರಂಗದ ಮೇಲಿನ ತುದಿ, ಕೆಳಗಿನ ತುದಿ ಎರಡನ್ನೂ ಕತ್ತರಿಸೋದು. ಫೂರಿಯೆ ಸರಣಿ ನೆನಪಿದ್ಯಾ? ಎರಡೂ ತುದಿಯನ್ನ ಸಮನಾಗಿ ಕತ್ತರಿಸಿದ್ರೆ ಮೂಲ ಸ್ವರದ 3 ಪಟ್ಟು, 5 ಪಟ್ಟು, 7 ಪಟ್ಟು ಫ್ರೀಕ್ವೆನ್ಸಿಗಳು ಸಾಲಾಗಿ ಹುಟ್ಕೋತವೆ. ಹಾಗಾಗಿ ಒಂದೇ ಒಂದು ರಿಫ್ 80 ಹರ್ಟ್ಜ್‌ನಿಂದ ಸುಮಾರು 5000 ಹರ್ಟ್ಜ್‌ವರೆಗೂ ಗೋಡೆ ಕಟ್ಟಿಬಿಡತ್ತೆ. ಅದಕ್ಕಿಂತ ಮೇಲಿನದ್ದನ್ನ ಗಿಟಾರ್ ಸ್ಪೀಕರ್ ತಾನೇ ಕಡಿಮೆ ಮಾಡಿಬಿಡತ್ತೆ. ಈ ಗೋಡೆಯ ಒಳಗೇ ಗ್ರೌಲ್ ಮಾಡೋರ ಕಂಠ, ಸ್ನೇರ್ ಡ್ರಮ್ಮಿನ 'ಟಕ್' ಎರಡೂ ಸಿಕ್ಕಿಹಾಕ್ಕೊಂಡಿರತ್ತೆ. ಗೋಡೆಯ ಮೇಲೆ, 6000 ಹರ್ಟ್ಜ್‌ನಿಂದ ಆಚೆ, ಸಿಂಬಲ್‌ಗಳ ರಾಜ್ಯ.

ಶಾಸ್ತ್ರೀಯ ಸಂಗೀತದ ರೆಕಾರ್ಡಿಂಗ್‌ನಲ್ಲಿ ದನಿಗಳ ನಡುವೆ ಖಾಲಿ ಜಾಗ ಇರತ್ತೆ, ಇಯರ್‌ಫೋನ್ ಸುಮಾರಾಗಿದ್ರೂ ನಡೆದುಹೋಗತ್ತೆ. ಮೆಟಲ್‌ನಲ್ಲಿ ಖಾಲಿ ಜಾಗವೇ ಇಲ್ಲ. ಹಾಗಾಗಿ ಇಯರ್‌ಫೋನಿನ ಪ್ರತಿ ತಪ್ಪೂ ಎದ್ದು ಕಾಣತ್ತೆ.

3. ಡಬಲ್ ಬೇಸ್‌ನ ಲೆಕ್ಕ

ಈಗ ಎರಡು ನಿಮಿಷ ಕ್ಯಾಲ್ಕುಲೇಟರ್ ತಗೊಳ್ಳಿ. ಡೆತ್ ಮೆಟಲ್ ಹಾಡಿನ ವೇಗ ನಿಮಿಷಕ್ಕೆ 200 ಬೀಟ್ ಅಂತ ಇಟ್ಕೊಳ್ಳಿ. ಡ್ರಮ್ಮರ್ ಎರಡೂ ಕಾಲಲ್ಲಿ ಬೀಟ್‌ಗೆ ನಾಲ್ಕರಂತೆ ಕಿಕ್ ಹೊಡೀತಿದ್ದಾರೆ. ನಿಮಿಷಕ್ಕೆ 800 ಏಟು, ಸೆಕೆಂಡಿಗೆ ಸುಮಾರು 13. ಒಂದು ಏಟಿಗೂ ಇನ್ನೊಂದಕ್ಕೂ ನಡುವಿನ ಅಂತರ 75 ಮಿಲಿಸೆಕೆಂಡ್.

ಕಿಕ್‌ನ 'ಧಪ್' 50 ಹರ್ಟ್ಜ್ ಆದ್ರೆ ಅದರ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು. ಅಂದ್ರೆ ಎರಡು ಏಟುಗಳ ಮಧ್ಯೆ ನಾಲ್ಕು ಸುತ್ತು ಕೂಡ ಪೂರ್ತಿ ಆಗಲ್ಲ. ಮೊದಲನೇದರ ಕಂಪನ ಇಳಿಯೋ ಮುಂಚೆ ಎರಡನೇದು ಬಂದು ಬೀಳತ್ತೆ. ಬರೀ 'ಧಪ್'ನಿಂದ ಏಟುಗಳನ್ನ ಬಿಡಿಸಿ ಕೇಳೋದು ಕಷ್ಟ; ಅದು 'ಗುರ್ರ್' ಅನ್ನೋ ಒಂದು ಗುಡುಗಾಗತ್ತೆ.

ಹಾಗಾದ್ರೆ ಒಳ್ಳೆ ರೆಕಾರ್ಡಿಂಗ್‌ನಲ್ಲಿ ಪ್ರತಿ ಏಟೂ ಎಣಿಸೋ ಹಾಗೆ ಕೇಳೋದು ಹೇಗೆ? ಪೆಡಲ್‌ನ ಬೀಟರ್ ಚರ್ಮಕ್ಕೆ ತಗುಲಿದಾಗ ಬರೋ 'ಟಿಕ್' ಇದ್ಯಲ್ಲ, ಅದರಿಂದ. ಅದು ಇರೋದು ಸುಮಾರು 2000ದಿಂದ 5000 ಹರ್ಟ್ಜ್ ಜಾಗದಲ್ಲಿ. ಅಲ್ಲಿ ಒಂದು ಸುತ್ತಿಗೆ ಅರ್ಧ ಮಿಲಿಸೆಕೆಂಡೂ ಬೇಡ. ಮೆಟಲ್ ಪ್ರೊಡ್ಯೂಸರ್‌ಗಳು ಈ 'ಟಿಕ್' ಅನ್ನ ಬೇಕಂತಲೇ ಎತ್ತಿ ಇಡೋದು ಇದಕ್ಕೇ.

ಇದರಿಂದ ಕಲಿಯೋ ಪಾಠ: ಡಬಲ್ ಬೇಸ್ ಚೆನ್ನಾಗಿ ಕೇಳಬೇಕು ಅಂತ ಬೇಸ್ ಜಾಸ್ತಿ ಇರೋ ಇಯರ್‌ಫೋನ್ ತಗೊಂಡ್ರೆ ಕೆಲಸ ಕೆಡತ್ತೆ. 'ಧಪ್' ಹದವಾಗಿರಬೇಕು, 'ಟಿಕ್' ಇರೋ ಮಧ್ಯದ ಭಾಗ ಸರಿಯಾಗಿರಬೇಕು.

4. ಬೇಸ್ ಯಾರನ್ನ ಮುಚ್ಚಿಹಾಕತ್ತೆ?

ಕಿವಿಯ ಒಂದು ಗುಣಕ್ಕೆ ಮಾಸ್ಕಿಂಗ್ ಅಂತಾರೆ. ಜೋರಾದ ಒಂದು ದನಿ ಹತ್ತಿರದ ಸಣ್ಣ ದನಿಯನ್ನ ಮರೆಮಾಡತ್ತೆ. ಇದರಲ್ಲಿ ಒಂದು ಪಕ್ಷಪಾತವೂ ಇದೆ: ಕೆಳಗಿನ ಫ್ರೀಕ್ವೆನ್ಸಿ ಮೇಲಿನದ್ದನ್ನ ಸುಲಭವಾಗಿ ಮುಚ್ಚತ್ತೆ, ಮೇಲಿನದ್ದು ಕೆಳಗಿನದ್ದನ್ನ ಅಷ್ಟು ಸುಲಭವಾಗಿ ಮುಚ್ಚಲ್ಲ.

ಯಕ್ಷಗಾನ ನೋಡಿದವರಿಗೆ ಇದು ಬೇಗ ಅರ್ಥ ಆಗತ್ತೆ. ಚೆಂಡೆ ಎಷ್ಟೇ ಏರಿದ್ರೂ ಭಾಗವತರ ಪದ ಕೇಳ್ಬೇಕು. ಕೇಳದೇ ಹೋದ್ರೆ ಮೈಕಿನವರಿಗೆ ಬೈಗುಳ ಗ್ಯಾರಂಟಿ. ಐಇಎಂ ಟ್ಯೂನ್ ಮಾಡೋರು ಆ ಮೈಕಿನವರ ಹಾಗೆ.

'ಎಕ್ಸ್‌ಟ್ರಾ ಬೇಸ್' ಅಂತ ಬಾಕ್ಸ್ ಮೇಲೆ ಬರೆದಿರೋ ಎಷ್ಟೋ ಇಯರ್‌ಫೋನ್‌ಗಳಲ್ಲಿ 100ರಿಂದ 300 ಹರ್ಟ್ಜ್ ನಡುವಿನ ಭಾಗ ಊದಿಕೊಂಡಿರತ್ತೆ. ಸಿನಿಮಾ ಹಾಡಿಗೆ ಅದು ಮಜಾ ಕೊಡಬಹುದು. ಮೆಟಲ್‌ನಲ್ಲಿ ಗಿಟಾರಿನ ಕೆಳಭಾಗ, ಬೇಸ್ ಗಿಟಾರಿನ ಎರಡನೇ ಹಾರ್ಮೋನಿಕ್, ಟಾಮ್ ಡ್ರಮ್ ಎಲ್ಲ ಅಲ್ಲೇ ಇರೋದರಿಂದ ಎಲ್ಲವೂ ಸೇರಿ ಮೆಸ್‌ನ ಸಾಂಬಾರ್ ಆಗತ್ತೆ: ಏನೇನು ಹಾಕಿದಾರೆ ಅಂತ ಗೊತ್ತಾಗಲ್ಲ. ಆಗ ನಾವೇನು ಮಾಡ್ತೀವಿ? ಕಂಠ ಕೇಳ್ತಿಲ್ಲ ಅಂತ ವಾಲ್ಯೂಮ್ ಏರಿಸ್ತೀವಿ. ಕಂಠದ ಜೊತೆ ಬೇಸೂ ಏರತ್ತೆ, ಮುಚ್ಚೋ ಕೆಲಸ ಮುಂದುವರಿಯತ್ತೆ.

ಹಾಗಂತ ಬೇಸ್ ಪೂರ್ತಿ ತೆಗೆಯೋ ಹಾಗೂ ಇಲ್ಲ. ಕಡಿಮೆ ವಾಲ್ಯೂಮ್‌ನಲ್ಲಿ ನಮ್ಮ ಕಿವಿಗೆ ಕೆಳದನಿ ಇನ್ನೂ ಕಡಿಮೆ ಕೇಳತ್ತೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನ ಅಳೆದು ತೋರಿಸಿದ್ದಾರೆ. ಹಾಗಾಗಿ 100 ಹರ್ಟ್ಜ್‌ಗಿಂತ ಕೆಳಗೆ ಸ್ವಲ್ಪ ಎತ್ತರ, 200-300ರ ಹತ್ತಿರ ಶುಚಿ. ನಮ್ಮ ಪ್ರಕಾರ ಮೆಟಲ್‌ಗೆ ಹೊಂದೋ ಬೇಸ್ ಇದು.

5. ಕಿವಿನಾಳವೂ ಒಂದು ಕೊಳಲು

ಪಿಯುಸಿಯಲ್ಲಿ ಒಂದು ತುದಿ ಮುಚ್ಚಿದ ಕೊಳವೆಯ ಅನುನಾದ ಓದಿರ್ತೀವಲ್ಲ, ಅದು ಕೊನೆಗೂ ಉಪಯೋಗಕ್ಕೆ ಬರತ್ತೆ. ಕಿವಿನಾಳ ಅಂಥದ್ದೇ ಕೊಳವೆ: ಹೊರಗಿನ ಬಾಯಿ ತೆರೆದಿದೆ, ಒಳಗಿನ ತುದಿಯಲ್ಲಿ ಕಿವಿತಮಟೆ. ಉದ್ದ ಸುಮಾರು 2.7 ಸೆಂಟಿಮೀಟರ್ ಅನ್ನಿ. ಕಾಲು ತರಂಗಾಂತರದ ಸೂತ್ರ ಹಾಕಿ: 343 ಭಾಗಿಸು 4 ಗುಣಿಸು 0.027. ಉತ್ತರ ಸುಮಾರು 3200 ಹರ್ಟ್ಜ್. ಹುಟ್ಟಿದಾಗಿನಿಂದ ನಮ್ಮ ಕಿವಿ ಈ ಜಾಗವನ್ನ ಎತ್ತಿ ಕೇಳಿಸ್ತಿದೆ, ಮೆದುಳು ಅದಕ್ಕೆ ಒಗ್ಗಿಹೋಗಿದೆ.

ಐಇಎಂ ಹಾಕಿದ ತಕ್ಷಣ ಆ ತೆರೆದ ಬಾಯಿ ಮುಚ್ಚಿಹೋಗತ್ತೆ, ಈ ಸಹಜ ಅನುನಾದ ಜಾಗ ಬಿಡತ್ತೆ. ಅದಕ್ಕೇ ಒಳ್ಳೆ ಐಇಎಂಗಳ ಗ್ರಾಫ್‌ನಲ್ಲಿ 3000 ಹರ್ಟ್ಜ್ ಹತ್ತಿರ ಒಂದು ಗುಡ್ಡ ಇರತ್ತೆ. ಕಳೆದುಹೋದದ್ದನ್ನ ವಾಪಸ್ ಕೊಡೋ ಗುಡ್ಡ ಅದು. ಹರ್ಮನ್ ಟಾರ್ಗೆಟ್ ಅಂತ ಕೇಳಿರ್ತೀರಿ. ಬಹಳ ಜನ ಕೇಳುಗರ ಮೇಲೆ ಪ್ರಯೋಗ ಮಾಡಿ ಹರ್ಮನ್ ಕಂಪನಿಯ ಸಂಶೋಧಕರು ತಯಾರಿಸಿದ ಆ ಗೆರೆಯಲ್ಲೂ ಈ ಗುಡ್ಡ ಇದೆ.

ಗುಡ್ಡ ತೀರಾ ತಗ್ಗಿದ್ರೆ ಗಿಟಾರ್ ಕಂಬಳಿ ಹೊದ್ದ ಹಾಗೆ, ಕಂಠ ಪಕ್ಕದ ರೂಮಿನಿಂದ ಬಂದ ಹಾಗೆ. ತೀರಾ ಎತ್ತರ ಆದ್ರೆ ಸ್ನೇರ್‌ನ ಪ್ರತಿ ಏಟೂ ಕಿವಿಗೆ ಚುಚ್ಚತ್ತೆ. ಇನ್ನು 6000ದಿಂದ 9000 ಹರ್ಟ್ಜ್‌ನಲ್ಲಿ ಮೊಳೆಯಂಥ ಏರಿಕೆ ಇದ್ರೆ ಸಿಂಬಲ್ 'ಝಣ್' ಅನ್ನೋ ಬದಲು 'ಸ್ಸ್' ಅನ್ನತ್ತೆ, ಅರ್ಧ ಗಂಟೆಯಲ್ಲಿ ತಲೆನೋವು.

ಗ್ರಾಫ್ ಓದುವಾಗ ಒಂದು ಎಚ್ಚರಿಕೆ. ಐಇಎಂ ಅಳೆಯೋಕೆ ಬಳಸೋ 711 ಮಾದರಿಯ ಕೃತಕ ಕಿವಿಗೆ ತನ್ನದೇ ಅನುನಾದ ಇದೆ, ಸಾಮಾನ್ಯವಾಗಿ 8000 ಹರ್ಟ್ಜ್ ಹತ್ತಿರ. ಗ್ರಾಫ್‌ನಲ್ಲಿ ಅಲ್ಲಿ ಕಾಣೋ ಚೂಪು ನಿಮ್ಮ ಕಿವಿಯಲ್ಲಿ ಅಷ್ಟೇ ಇರತ್ತೆ ಅಂತಿಲ್ಲ. ಆ ಭಾಗವನ್ನ ಗ್ರಾಫ್ ನೋಡಿ ನಿರ್ಧರಿಸಬೇಡಿ, ಕೇಳಿಯೇ ನಿರ್ಧರಿಸಿ.

6. ಡ್ರೈವರ್ ಜಾತಿ ಎಷ್ಟು ಮುಖ್ಯ?

ಡೈನಮಿಕ್ ಡ್ರೈವರ್ ಅಂದ್ರೆ ಸ್ಪೀಕರಿನ ಪುಟ್ಟ ರೂಪ: ಕಾಯಿಲ್, ಅಯಸ್ಕಾಂತ, ಪೊರೆ. ಬ್ಯಾಲೆನ್ಸ್ಡ್ ಆರ್ಮೇಚರ್‌ನಲ್ಲಿ ಅಯಸ್ಕಾಂತಗಳ ನಡುವೆ ಸಣ್ಣ ಲೋಹದ ನಾಲಗೆ ಅಲುಗಾಡತ್ತೆ. ಪ್ಲೇನಾರ್‌ನಲ್ಲಿ ತೆಳ್ಳಗಿನ ಹಾಳೆಯ ಮೇಲೇ ವಾಹಕವನ್ನ ಹಾಸಿರ್ತಾರೆ.

"ಆರ್ಮೇಚರ್ ಫಾಸ್ಟ್, ಡೈನಮಿಕ್ ಸ್ಲೋ, ಮೆಟಲ್‌ಗೆ ಆರ್ಮೇಚರೇ ಬೇಕು" ಅನ್ನೋ ಮಾತು ತುಂಬಾ ಓಡಾಡತ್ತೆ. ಪೂರ್ತಿ ನಂಬಬೇಡಿ. ಐಇಎಂಗಳು ಬಹುಮಟ್ಟಿಗೆ ಮಿನಿಮಮ್ ಫೇಸ್ ವ್ಯವಸ್ಥೆಗಳು. ಸಿಗ್ನಲ್ಸ್ ಕ್ಲಾಸ್ ಭಾಷೆಯಲ್ಲಿ ಹೇಳೋದಾದ್ರೆ, ಅದರ ಫ್ರೀಕ್ವೆನ್ಸಿ ರೆಸ್ಪಾನ್ಸ್ ಗೊತ್ತಿದ್ರೆ ಇಂಪಲ್ಸ್ ರೆಸ್ಪಾನ್ಸ್ ಕೂಡ ಗೊತ್ತಾದ ಹಾಗೆ. 'ಫಾಸ್ಟ್ ಬೇಸ್' ಅಂತ ನಮಗೆ ಅನಿಸೋದು ಹೆಚ್ಚಾಗಿ 100-300 ಹರ್ಟ್ಜ್‌ನ ಊತ ಇಲ್ಲದೇ ಇರೋದ್ರಿಂದ. ಆ ಊತ ಇಲ್ಲದ ಒಂದೇ ಡೈನಮಿಕ್ ಡ್ರೈವರಿನ ಐಇಎಂ, ಕೆಟ್ಟದಾಗಿ ಟ್ಯೂನ್ ಆದ ಐದು ಡ್ರೈವರಿನ ಐಇಎಂಗಿಂತ ಮೆಟಲ್‌ಗೆ ಎಷ್ಟೋ ಮೇಲು. ಡ್ರೈವರ್ ಎಣಿಸಿ ದುಡ್ಡು ಕೊಡಬೇಡಿ.

7. ಇಯರ್‌ಟಿಪ್: ಎಲ್ಲಕ್ಕಿಂತ ಅಗ್ಗದ ಅಪ್‌ಗ್ರೇಡ್

ಸೈಕಲ್ ಟ್ಯೂಬಿಗೆ ತೂತಿದ್ರೆ ಎಷ್ಟು ಪಂಪ್ ಹೊಡೆದ್ರೂ ಏನು ಪ್ರಯೋಜನ? ಟಿಪ್ ಸರಿಯಾಗಿ ಕೂರದ ಐಇಎಂ ಕೂಡ ಹಾಗೇ. ಗಾಳಿ ಸೋರಿದ್ರೆ ಮೊದಲು ಹೋಗೋದು ಬೇಸ್. "ಇದರಲ್ಲಿ ಬೇಸೇ ಇಲ್ಲ" ಅಂತ ಬೈಯೋ ಮುಂಚೆ ಟಿಪ್ ಬದಲಾಯಿಸಿ ನೋಡಿ.

ಬಾಕ್ಸ್‌ನಲ್ಲಿ ಸಾಮಾನ್ಯವಾಗಿ ಮೂರು ಅಳತೆ ಕೊಟ್ಟಿರ್ತಾರೆ. ಮೂರನ್ನೂ ಹಾಕಿ ನೋಡಿ. ಎಡಕ್ಕೊಂದು ಬಲಕ್ಕೊಂದು ಅಳತೆ ಬೇಕಾದ್ರೂ ಆಶ್ಚರ್ಯ ಇಲ್ಲ. ಕಿವಿಯ ಮೇಲ್ಭಾಗವನ್ನ ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿದು ಐಇಎಂ ಕೂರಿಸಿ. ಸರಿಯಾಗಿ ಕೂತ್ರೆ ಹಾಡು ಇಲ್ಲದೇ ಇದ್ದಾಗಲೂ ಫ್ಯಾನಿನ ಸದ್ದು ದೂರ ಸರಿದ ಹಾಗಾಗತ್ತೆ, ನಿಮ್ಮ ಮಾತು ನಿಮಗೇ ಡಬ್ಬದೊಳಗಿನಿಂದ ಕೇಳತ್ತೆ. ಫೋಮ್ ಟಿಪ್ ಗದ್ದಲವನ್ನ ಚೆನ್ನಾಗಿ ತಡೆಯತ್ತೆ, ಸಿಂಬಲ್‌ನ ಚುಚ್ಚುವಿಕೆಯನ್ನೂ ಸ್ವಲ್ಪ ತಗ್ಗಿಸತ್ತೆ. ಆದ್ರೆ ಬೇಗ ಹಾಳಾಗತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಟಿಪ್ ಮಾತ್ರ ಕಡ್ಡಾಯ ಹೊಸದು.

8. ಕಿವಿಗೂ ಒಂದು ಅಟೆಂಡೆನ್ಸ್ ಲೆಕ್ಕ ಇದೆ

ವಾಲ್ಯೂಮ್ ಇಳಿಸಿ ಅಂತ ನಾವು ಪದೇ ಪದೇ ಹೇಳ್ತಿರೋದು ಯಾಕೆ ಅನ್ನೋದು ಇಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಸೂಚಿಸಿರೋ ಮಿತಿ: 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ. ಡೆಸಿಬಲ್ ಲಾಗರಿದಮ್ ಲೆಕ್ಕ. 3 ಡೆಸಿಬಲ್ ಏರಿದ್ರೆ ಶಕ್ತಿ ದುಪ್ಪಟ್ಟು, ಸಮಯ ಅರ್ಧ. ಹಾಗಾಗಿ:

• 80 ಡೆಸಿಬಲ್: ವಾರಕ್ಕೆ 40 ಗಂಟೆ
• 83 ಡೆಸಿಬಲ್: 20 ಗಂಟೆ
• 86 ಡೆಸಿಬಲ್: 10 ಗಂಟೆ
• 89 ಡೆಸಿಬಲ್: 5 ಗಂಟೆ
• 95 ಡೆಸಿಬಲ್: 1 ಗಂಟೆ 15 ನಿಮಿಷ

ದಿನಾ ಎರಡು ಗಂಟೆ ಬಸ್ಸಿನಲ್ಲಿ ಓಡಾಡೋ ಡೇ ಸ್ಕಾಲರ್ ಲೆಕ್ಕ ಹಾಕಿ. ಬಸ್ಸಿನ ಗದ್ದಲ 78 ಡೆಸಿಬಲ್ ಇದೆ ಅಂತ ಇಟ್ಕೊಳ್ಳೋಣ. ಹೊರಗಿನ ಸದ್ದನ್ನ ತಡೆಯದ ಇಯರ್‌ಬಡ್ ಹಾಕಿದವರು ಹಾಡು ಕೇಳೋಕೆ ಅದಕ್ಕಿಂತ 10 ಡೆಸಿಬಲ್ ಮೇಲೆ, ಅಂದ್ರೆ 88ಕ್ಕೆ ಹೋಗ್ಬೇಕು. 88ರಲ್ಲಿ ವಾರದ ಮಿತಿ ಆರು ಗಂಟೆ ಚಿಲ್ಲರೆ. ಸೋಮವಾರ ಶುರುವಾಗಿದ್ದು ಗುರುವಾರದಷ್ಟೊತ್ತಿಗೆ ಮುಗೀತು! ಚೆನ್ನಾಗಿ ಕೂತ ಐಇಎಂ ಅದೇ ಗದ್ದಲದಲ್ಲಿ 15-20 ಡೆಸಿಬಲ್ ತಡೆದ್ರೆ, 75ರ ಆಸುಪಾಸಿನಲ್ಲೇ ಆರಾಮಾಗಿ ಕೇಳಬಹುದು.

ಮೆಟಲ್ ಕೇಳೋರಿಗೆ ಇನ್ನೊಂದು ತೊಂದರೆ ಇದೆ. ಬೇರೆ ಸಂಗೀತದಲ್ಲಿ ಜೋರು-ಮೆಲ್ಲಗೆ ಏರಿಳಿತ ಇರತ್ತೆ, ಕಿವಿಗೆ ನಡುವೆ ವಿರಾಮ ಸಿಗತ್ತೆ. ಡಿಸ್ಟಾರ್ಷನ್, ಕಂಪ್ರೆಷನ್ ಸೇರಿದ ಮೆಟಲ್ ಮಿಕ್ಸ್‌ನಲ್ಲಿ ಸರಾಸರಿ ಮಟ್ಟವೇ ಶಿಖರದ ಹತ್ತಿರ ಇರತ್ತೆ. ವಾಲ್ಯೂಮ್ ಪಟ್ಟಿ ಅಷ್ಟೇ ಇದ್ರೂ ಕಿವಿಗೆ ಬೀಳೋ ಡೋಸ್ ಜಾಸ್ತಿ. ಒಳಗಿವಿಯಲ್ಲಿ ಸದ್ದನ್ನ ಹಿಡಿಯೋ ಕೂದಲಿನಂಥ ಕೋಶಗಳು ಮನುಷ್ಯರಲ್ಲಿ ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ 'ಗುಂಯ್' ಅಂತಿದ್ರೆ ಅದು ಎಚ್ಚರಿಕೆ. ಮಾರನೇ ದಿನವೂ ಹೋಗದಿದ್ರೆ ಇಎನ್‌ಟಿ ಡಾಕ್ಟರ್ ಹತ್ರ ಹೋಗಿ, ಗೂಗಲ್ ಹತ್ರ ಅಲ್ಲ.

ಇನ್ನೊಂದು ಮಾತು: ಹೊರಗಿನ ಸದ್ದು ತಡೆಯೋ ಸಾಧನ ಹಾರ್ನನ್ನೂ ತಡೆಯತ್ತೆ. ರಸ್ತೆ ದಾಟುವಾಗ, ಗಾಡಿ ಓಡಿಸುವಾಗ ಬೇಡವೇ ಬೇಡ.

9. ಪರೀಕ್ಷೆ ಮಾಡೋ ವಿಧಾನ

ಅಂಗಡಿಯಲ್ಲೋ, ಫ್ರೆಂಡ್ ಹತ್ರ ಇಸ್ಕೊಂಡೋ ಐಇಎಂ ಸಿಕ್ಕಾಗ ಹೀಗೆ ಮಾಡಿ. ನಿಶ್ಶಬ್ದವಾದ ಜಾಗದಲ್ಲಿ, ಪಕ್ಕದವರು ಮಾಮೂಲಿ ದನಿಯಲ್ಲಿ ಮಾತಾಡಿದ್ರೆ ನಿಮಗೆ ಗೊತ್ತಾಗೋವಷ್ಟು ಕಡಿಮೆ ವಾಲ್ಯೂಮ್ ಇಡಿ. ಎರಡು ಐಇಎಂ ಹೋಲಿಸ್ತಿದ್ರೆ ಎರಡರ ಸದ್ದೂ ಸಮ ಇರೋ ಹಾಗೆ ನೋಡ್ಕೊಳ್ಳಿ. ಸ್ವಲ್ಪ ಜೋರಿರೋದೇ ಯಾವಾಗಲೂ ಚೆನ್ನಾಗಿದೆ ಅನ್ನಿಸತ್ತೆ.

ಮೊದಲನೆಯದು, ಬೇಸ್ ಗಿಟಾರ್. ಐರನ್ ಮೇಡನ್‌ನ 'ದಿ ಟ್ರೂಪರ್' ಹಾಕಿ. ಕುದುರೆ ಓಟದ ಲಯದಲ್ಲಿ ಸ್ಟೀವ್ ಹ್ಯಾರಿಸ್ ಬೆರಳಿಂದ ನುಡಿಸೋ ತಂತಿಯ ಲೋಹದ ಸದ್ದು ಗಿಟಾರ್‌ಗಳಿಂದ ಬಿಡಿಯಾಗಿ ಕೇಳ್ಬೇಕು. ಬರೀ ಗುಡುಗುಡು ಅಂದ್ರೆ ಫೇಲ್.

ಎರಡನೆಯದು, ಕಿಕ್. ಮೆಶುಗಾದ 'ಬ್ಲೀಡ್' ಹಾಕಿ. 8 ತಂತಿಯ ಗಿಟಾರ್ ಮತ್ತು ಡಬಲ್ ಬೇಸ್ ಒಂದೇ ಮಾದರಿಯಲ್ಲಿ ಹೆಣೆದುಕೊಂಡಿರತ್ತೆ. ಏಟುಗಳನ್ನ ಬೆರಳಲ್ಲಿ ಮೇಜಿನ ಮೇಲೆ ಹಿಂಬಾಲಿಸೋಕೆ ಆಗತ್ತಾ ನೋಡಿ. ಬೆರಳು ಸೋತ್ರೂ ಪರವಾಗಿಲ್ಲ, ಕಿವಿ ಸೋಲಬಾರದು.

ಮೂರನೆಯದು, ಎಡ-ಬಲ. ಮೆಟಲ್‌ನಲ್ಲಿ ರಿದಮ್ ಗಿಟಾರನ್ನ ಎರಡು ಸಲ ನುಡಿಸಿ ಒಂದನ್ನ ಎಡಕ್ಕೆ, ಒಂದನ್ನ ಬಲಕ್ಕೆ ಇಡೋದು ರೂಢಿ. ಜೋಡಿ ಗಿಟಾರ್ ಇರೋ ಬ್ಯಾಂಡ್ ಇದಕ್ಕೆ ಒಳ್ಳೆಯದು. ನಮ್ಮ ಬೆಂಗಳೂರಿನದ್ದೇ ಆದ, 1998ರಲ್ಲಿ ಶುರುವಾದ ಕ್ರಿಪ್ಟೋಸ್ ಇದೆಯಲ್ಲ, ಅವರ 'ಆಫ್ಟರ್‌ಬರ್ನರ್' ಆಲ್ಬಮ್ ಹಾಕಿ. ಗಿಟಾರ್‌ಗಳು ಎಡ-ಬಲಕ್ಕೆ ಹರಡಿ ನಿಲ್ಲಬೇಕು, ಕಂಠ ನಟ್ಟನಡುವೆ ಇರಬೇಕು. ಕಂಠ ಒಂದು ಕಡೆ ವಾಲಿದ್ರೆ ಟಿಪ್ ಸರಿಮಾಡಿ. ಆಗಲೂ ವಾಲಿದ್ರೆ ಆ ಪೀಸ್ ಬೇಡ.

ನಾಲ್ಕನೆಯದು, ಏರಿಳಿತ. ಓಪೆತ್‌ನ 'ಬ್ಲ್ಯಾಕ್‌ವಾಟರ್ ಪಾರ್ಕ್' ಆಲ್ಬಮ್ಮಿನಲ್ಲಿ ಮೆಲುವಾದ ಅಕೌಸ್ಟಿಕ್ ಭಾಗದಿಂದ ಡಿಸ್ಟಾರ್ಷನ್‌ಗೆ ಹಠಾತ್ತನೆ ಜಿಗಿತಾರೆ. ಮೆಲುಭಾಗ ಸ್ಪಷ್ಟವಾಗಿ ಕೇಳೋ ವಾಲ್ಯೂಮ್‌ನಲ್ಲಿ ಜೋರುಭಾಗ ಚುಚ್ಚಬಾರದು.

ಐದನೆಯದು, ಸಮಯ. ಒಂದೇ ಹಾಡು ಕೇಳಿ ತೀರ್ಪು ಕೊಡಬೇಡಿ. ಅರ್ಧ ಗಂಟೆ ಕೇಳಿ. ಸಿಂಬಲ್ ಕಿರಿಕಿರಿ ಮಾಡಿ ಐಇಎಂ ತೆಗೆಯೋಣ ಅನ್ನಿಸ್ತಾ? ಅಥವಾ ಗೊತ್ತಿಲ್ಲದೇ ವಾಲ್ಯೂಮ್ ಏರಿಸಿದ್ರಾ? ಎರಡೂ ಕೆಟ್ಟ ಲಕ್ಷಣ.

ಪರೀಕ್ಷೆಗೆ ಬಳಸಬಾರದ ಆಲ್ಬಮ್‌ಗಳೂ ಇವೆ. ಮೆಟಾಲಿಕಾದ 1988ರ '...ಆಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಜೇಸನ್ ನ್ಯೂಸ್ಟೆಡ್ ಅವರ ಬೇಸ್ ಗಿಟಾರನ್ನ ಮಿಕ್ಸ್‌ನಲ್ಲೇ ಹೂತುಹಾಕಿದ್ದಾರೆ. ಲಕ್ಷ ರೂಪಾಯಿ ಐಇಎಂ ಹಾಕಿದ್ರೂ ಅದು ಎದ್ದು ಬರಲ್ಲ. ಅವರದ್ದೇ 2008ರ 'ಡೆತ್ ಮ್ಯಾಗ್ನೆಟಿಕ್' ಎಷ್ಟು ಜೋರಾಗಿ ಮಾಸ್ಟರ್ ಆಗಿತ್ತು ಅಂದ್ರೆ ತರಂಗದ ತುದಿಗಳೇ ಕತ್ತರಿಸಿಹೋಗಿವೆ. ಗಿಟಾರ್ ಹೀರೋ ಗೇಮಿನಲ್ಲಿ ಬಂದ ರೂಪವೇ ಚೆನ್ನಾಗಿದೆ ಅಂತ ಅಭಿಮಾನಿಗಳು ಗಲಾಟೆ ಮಾಡಿದ್ದರು. ನಾರ್ವೆಯ ಡಾರ್ಕ್‌ಥ್ರೋನ್‌ನ 1994ರ 'ಟ್ರಾನ್ಸಿಲ್ವೇನಿಯನ್ ಹಂಗರ್' ಅನ್ನ ನಾಲ್ಕು ಟ್ರ್ಯಾಕಿನ ರೆಕಾರ್ಡರಿನಲ್ಲಿ ಮಾಡಿದ್ದು; ಆ ಕರಕರ ಸದ್ದೇ ಅದರ ಸೌಂದರ್ಯ. ಅದು ಕರಕರ ಅಂದ್ರೆ ಐಇಎಂ ಕೆಟ್ಟದ್ದು ಅಂತ ಅರ್ಥ ಅಲ್ಲ.

10. ಫೋನ್, ಡಾಂಗಲ್, ಈಕ್ವಲೈಜರ್

ದೊಡ್ಡ ಆಂಪ್ ಬೇಕಾಗಿಲ್ಲ. ಐಇಎಂನ ಸೆನ್ಸಿಟಿವಿಟಿ ಒಂದು ವೋಲ್ಟ್‌ಗೆ 120 ಡೆಸಿಬಲ್ ಅಂತಿದ್ರೆ, 75 ಡೆಸಿಬಲ್‌ಗೆ ಬೇಕಾಗೋದು 6 ಮಿಲಿವೋಲ್ಟ್ ಕೂಡ ಅಲ್ಲ. ಮಾಮೂಲಿ ಡಾಂಗಲ್ ಧಾರಾಳ ಸಾಕು.

ನೋಡಬೇಕಾದ್ದು ಔಟ್‌ಪುಟ್ ಇಂಪೀಡೆನ್ಸ್. ಹಲವು ಡ್ರೈವರ್‌ಗಳ ಐಇಎಂಗಳಲ್ಲಿ ಇಂಪೀಡೆನ್ಸ್ ಫ್ರೀಕ್ವೆನ್ಸಿಗೆ ತಕ್ಕ ಹಾಗೆ ಬದಲಾಗತ್ತೆ; ಒಂದು ಕಡೆ 10 ಓಮ್, ಇನ್ನೊಂದು ಕಡೆ 50 ಓಮ್ ಅನ್ನಿ. ಮೂಲದ ಇಂಪೀಡೆನ್ಸ್ 10 ಓಮ್ ಇದ್ರೆ ವೋಲ್ಟೇಜ್ ಡಿವೈಡರ್ ಪ್ರಕಾರ ಮೊದಲನೆಯದಕ್ಕೆ ಅರ್ಧ ವೋಲ್ಟೇಜ್, ಎರಡನೆಯದಕ್ಕೆ ಆರರಲ್ಲಿ ಐದು ಪಾಲು. ವ್ಯತ್ಯಾಸ 4 ಡೆಸಿಬಲ್‌ಗೂ ಮೇಲೆ! ಟ್ಯೂನಿಂಗ್ ಪೂರ್ತಿ ಬದಲಾದ ಹಾಗೆ. ಒಂದು ಓಮ್ ಆಸುಪಾಸಿನ ಡಾಂಗಲ್ ಆದ್ರೆ ಈ ತಲೆನೋವಿಲ್ಲ.

ಕೈಯಲ್ಲಿರೋ ಇಯರ್‌ಫೋನಿನಲ್ಲೇ ಬೇಸ್ ಊದಿಕೊಂಡಿದ್ರೆ ಹೊಸದು ಕೊಳ್ಳೋ ಮುಂಚೆ ಈಕ್ವಲೈಜರ್ ಪ್ರಯತ್ನಿಸಿ. 200-250 ಹರ್ಟ್ಜ್ ಹತ್ತಿರ 2ರಿಂದ 4 ಡೆಸಿಬಲ್ ಇಳಿಸಿ. ಏರಿಸೋದಕ್ಕಿಂತ ಇಳಿಸೋದು ಯಾವಾಗಲೂ ಕ್ಷೇಮ. ಎಷ್ಟೋ ಸಲ ಗಿಟಾರ್ ಅಲ್ಲಿಂದ ಎದ್ದು ಬರತ್ತೆ, ಒಂದು ಪೈಸೆ ಖರ್ಚಿಲ್ಲದೇ.

11. ಬಜೆಟ್ ಹೇಗೆ ಹಂಚೋದು?

ಮೊದಲ ಐಇಎಂ ಆದ್ರೆ ಒಂದು ಡೈನಮಿಕ್ ಡ್ರೈವರಿನದ್ದೇ ಸಾಕು. 2022ರಲ್ಲಿ ಬಂದ ಮೂನ್‌ಡ್ರಾಪ್ ಚು, 7ಹರ್ಟ್ಜ್ ಸಾಲ್ನೋಟ್ಸ್ ಜೀರೋ ಈ ವರ್ಗದವು. ಹೊರಬಂದಾಗ ಎರಡರ ಬೆಲೆಯೂ 20 ಡಾಲರ್ ಆಸುಪಾಸು. ಇವೇ ಬೇಕು ಅಂತಲ್ಲ, ಅಗ್ಗದಲ್ಲೂ ಊತ ಇಲ್ಲದ ಬೇಸ್ ಸಿಗತ್ತೆ ಅನ್ನೋಕೆ ಉದಾಹರಣೆ. ಮುಂದಿನ ಹಂತದಲ್ಲಿ ಡೈನಮಿಕ್ ಜೊತೆ ಆರ್ಮೇಚರ್ ಸೇರಿದ ಟ್ರೂಥಿಯರ್ ಹೆಕ್ಸಾ ಥರದವು, ಆಮೇಲೆ 7ಹರ್ಟ್ಜ್ ಟೈಮ್‌ಲೆಸ್ ಥರದ ಪ್ಲೇನಾರ್‌ಗಳು. ಒಂದೊಂದು ಹಂತ ಏರಿದ ಹಾಗೂ ಬೆಲೆ ದುಪ್ಪಟ್ಟಾಗತ್ತೆ, ಸುಖ ದುಪ್ಪಟ್ಟಾಗಲ್ಲ.

ಕೇಬಲ್ ಬಿಚ್ಚಿ ಬದಲಾಯಿಸೋ ಹಾಗಿದ್ರೆ ಒಳ್ಳೆಯದು, ಬ್ಯಾಗಿನಲ್ಲಿ ಮೊದಲು ಸಾಯೋದು ಕೇಬಲ್ಲೇ. ವಾಪಸ್ ತಗೊಳ್ಳೋ ಕಡೆಯೇ ಕೊಳ್ಳಿ. ಮಿಕ್ಕಿದ ದುಡ್ಡಲ್ಲಿ ಒಂದು ಜೊತೆ ಒಳ್ಳೆ ಟಿಪ್, ಆಮೇಲೂ ಮಿಕ್ಕಿದ್ರೆ ಲೈವ್ ಶೋಗೆ ಹೋಗುವಾಗ ಹಾಕ್ಕೊಳ್ಳೋಕೆ ಇಯರ್‌ಪ್ಲಗ್. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾವು ಚಿಕ್ಕವರು. ಮುಂದಿನ ಸಲ ಅಂಥವರು ಬಂದಾಗ ಕೇಳೋಕೆ ಕಿವಿ ಚೆನ್ನಾಗಿರಬೇಕಲ್ಲ!

ನಿಮ್ಮ ಹತ್ರ ಈಗಿರೋ ಇಯರ್‌ಫೋನಿನಲ್ಲೇ ಈ ಐದು ಪರೀಕ್ಷೆ ಮಾಡಿ, ಯಾವುದರಲ್ಲಿ ಪಾಸ್, ಯಾವುದರಲ್ಲಿ ಫೇಲ್ ಅಂತ ಮಾಡೆಲ್ ಹೆಸರಿನ ಜೊತೆ ಸಂಘಕ್ಕೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲರದ್ದೂ ಸೇರಿಸಿ ಪಟ್ಟಿ ಹಾಕೋಣ. ಪರೀಕ್ಷೆ ಮಾಡಿದ್ದು ಎಷ್ಟು ವಾಲ್ಯೂಮ್‌ನಲ್ಲಿ ಅನ್ನೋದನ್ನ ಮಾತ್ರ ಬರೆಯೋಕೆ ಮರೀಬೇಡಿ.